ಬಿಯರನ್ನು ಬಾಟಲಿಗೆ ತುಂಬುವ ಮೊದಲು ಎಷ್ಟು ದಿನ ಬಿಡಬೇಕು?

ಮನೆಯಲ್ಲಿ ಮಾಡಿದ ಬಿಯರನ್ನು ಬಕೆಟ್‌ನಲ್ಲಿ ಹುದುಗಲು ಇಟ್ಟು ಹತ್ತು ದಿನ ಆಯ್ತು, ಏರ್‌ಲಾಕ್‌ನಲ್ಲಿ (ಒಳಗಿನ ಗ್ಯಾಸ್ ಹೊರಗೆ ಬಿಟ್ಟು ಗಾಳಿಯನ್ನು ಒಳಗೆ ಬಿಡದ, ನೀರು ತುಂಬಿದ ಬಿರಡೆ) ಗುಳ್ಳೆ ನಿಂತಿದೆ, ಈಗಲೇ ಬಾಟಲಿಗೆ ತುಂಬಲಾ ಅಥವಾ ಇನ್ನೊಂದು ಬಕೆಟ್‌ಗೆ ಬಗ್ಗಿಸಿ ಒಂದು ತಿಂಗಳು ಇಡಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಅದೇ ಬಕೆಟ್‌ನಲ್ಲಿ ಇನ್ನೊಂದು ವಾರ ಬಿಡಿ.

ಇಡ್ಲಿ ಹಿಟ್ಟು ಉಬ್ಬಿದ್ದು ಕಣ್ಣಿಗೇ ಕಾಣುತ್ತದೆ. ಬಿಯರ್ ಹಾಗಲ್ಲ, ಗುಳ್ಳೆ ನಂಬಿದರೆ ಕೆಟ್ಟಿರಿ. ನಾನು ಅಮೆರಿಕದ ಆರೆಗಾನ್‌ಗೆ ಬಂದ ಹೊಸತರಲ್ಲಿ 19 ಲೀಟರ್ ಪೇಲ್ ಏಲ್ ಬಿಯರ್ ಮಾಡಿದ್ದೆ. ಗುಳ್ಳೆ ನಿಂತಿತು ಅಂತ ಏಳನೇ ದಿನಕ್ಕೇ, ಬಾಟಲಿಯಲ್ಲಿ ಗ್ಯಾಸ್ ಹುಟ್ಟಲು ಹಾಕುವ ಸಕ್ಕರೆ ಬೆರೆಸಿ ತುಂಬಿಬಿಟ್ಟೆ. ಹೈಡ್ರೋಮೀಟರ್ (ಬಿಯರಿನ ಸಾಂದ್ರತೆ ಅಳೆಯುವ ಸಾಧನ; ಸಕ್ಕರೆ ಹುದುಗಿದಷ್ಟೂ ಅಂಕಿ ಇಳಿಯುತ್ತದೆ) 1.018 ತೋರಿಸುತ್ತಿತ್ತು, ನೋಡಿಯೂ ಸುಮ್ನಿದ್ದೆ. ಚಳಿಗೆ, ಸಕ್ಕರೆ ತಿಂದು ಗ್ಯಾಸ್ ಬಿಡುವ ಯೀಸ್ಟ್ ಮಲಗಿತ್ತು, ಅಷ್ಟೇ. ಒಂದು ರಾತ್ರಿ ಗ್ಯಾರೇಜಿನಲ್ಲಿ ಢಂ! ಬೆಳಿಗ್ಗೆ ನೋಡಿದರೆ ಗಾಜಿನ ಚೂರು ಕಾರಿನ ಕೆಳಗೂ ಬಿದ್ದಿತ್ತು. 1.018 ಇದ್ದದ್ದು ಬಾಟಲಿಯೊಳಗೆ 1.012ಕ್ಕೆ ಇಳಿದರೆ, ಒಂದು ಲೀಟರ್ ಬಿಯರಿಗೆ ಸುಮಾರು ಮೂರು ಲೀಟರ್ ಗ್ಯಾಸ್ ಹುಟ್ಟುತ್ತದೆ. ನಾವು ಹಾಕಿದ ಸಕ್ಕರೆಯ ಗ್ಯಾಸ್ ಅದರ ಮೇಲೆ. ಪಾಪ, ಬಾಟಲಿ ಏನು ಮಾಡೀತು?

ಎರಡು ಮೂರು ದಿನದ ಅಂತರದಲ್ಲಿ ಹೈಡ್ರೋಮೀಟರಿನಿಂದ ಎರಡು ಸಲ ಅಳೆಯಿರಿ. ಒಂದೇ ಅಂಕಿ ಬರಬೇಕು, ಅದು ರೆಸಿಪಿ ಹೇಳಿದ ಅಂಕಿಯ ಹತ್ತಿರವೂ ಇರಬೇಕು. ಮೇಲೆಯೇ ನಿಂತಿದ್ದರೆ ಬಕೆಟ್ಟನ್ನು 20-21 ಡಿಗ್ರಿ ಇರುವ ಕೋಣೆಗೆ ತನ್ನಿ.

ಅಳೆದ ಸ್ಯಾಂಪಲ್ ಚೆಲ್ಲಬೇಡಿ, ರುಚಿ ನೋಡಿ. ಹಸಿರು ಸೇಬಿನ ವಾಸನೆ ಬಂದರೆ ಅಸಿಟಾಲ್ಡಿಹೈಡ್. ಬೆಣ್ಣೆ ವಾಸನೆ ಬಂದರೆ ಡಯಾಸಿಟೈಲ್. ಎರಡೂ ಹುದುಗುವಾಗ ಹುಟ್ಟುವ ರಾಸಾಯನಿಕಗಳು. ಯೀಸ್ಟ್‌ಗೆ ಸಮಯ ಕೊಟ್ಟರೆ ಸಾಮಾನ್ಯವಾಗಿ ಎರಡನ್ನೂ ಅದೇ ತಿಂದು ಮುಗಿಸುತ್ತದೆ. ಡಯಾಸಿಟೈಲ್ ಸ್ವಲ್ಪ ಕಳ್ಳ: ಈಗ ಗೊತ್ತಾಗದೆ, ಬಾಟಲಿಗೆ ಹೋದ ಮೇಲೆ ತಲೆ ಎತ್ತುತ್ತದೆ. ಅದಕ್ಕೆ ನಾನು ಅರ್ಧ ಲೋಟ ಬಿಯರನ್ನು ಮುಚ್ಚಿ, 60 ಡಿಗ್ರಿ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಆರಿಸಿ ಮೂಸುತ್ತೇನೆ. ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್ ವಾಸನೆ ಬಂದರೆ ಇನ್ನೂ ಮೂರು ದಿನ ಕಾಯಬೇಕು ಅಂತ ಅರ್ಥ.

ಇನ್ನೊಂದು ಬಕೆಟ್ ಯಾಕೆ ಬೇಡ ಅಂದರೆ, ಬಗ್ಗಿಸುವಾಗ ಗಾಳಿ ಸೇರುತ್ತದೆ. ಆಮೇಲೆ ನೆನೆದ ರಟ್ಟಿನ ರುಚಿ, ಅದಕ್ಕೆ ಮದ್ದಿಲ್ಲ. ತಳದ ಯೀಸ್ಟ್ ಕೊಳೆತು ಬಿಯರ್ ಹಾಳಾಗುತ್ತದೆ ಅನ್ನುವುದು ಹಳೆಯ ಹೆದರಿಕೆ. ನಮ್ಮಂಥ ಸಣ್ಣ ಬ್ಯಾಚ್‌ಗೆ ಮೂರು ನಾಲ್ಕು ವಾರ ಏನೂ ಆಗುವುದಿಲ್ಲ.

ತಿಳಿಯಾಗಬೇಕಾದರೆ ಕೊನೆಯ ಎರಡು ದಿನ ಫ್ರಿಜ್ಜಿನಲ್ಲಿ 2 ಡಿಗ್ರಿಗೆ ಇಳಿಸಿ. ತಣ್ಣಗಾಗುವಾಗ ಏರ್‌ಲಾಕ್‌ನ ನೀರು ಒಳಗೆ ಎಳೆದುಕೊಳ್ಳುತ್ತದೆ, ಕ್ರಿಮಿ ಸೇರದಿರಲಿ ಅಂತ ಅದರಲ್ಲಿ ನೀರಿನ ಬದಲು ವೋಡ್ಕಾ ಹಾಕಿರಿ.

ಯಾವ ಬಿಯರ್ ಅಂತ ನೀವು ಹೇಳಿಲ್ಲ. ಗೋಧಿ ಬಿಯರ್, ಐಪಿಎ (ಹಾಪ್ಸ್ ಹೂವು ಜಾಸ್ತಿ ಹಾಕಿದ ಕಹಿ ಬಿಯರ್) ಆದರೆ ಜಾಸ್ತಿ ಕಾಯಿಸಬೇಡಿ, ಅವು ತಾಜಾ ಇದ್ದಾಗಲೇ ಚೆನ್ನ. ಬಾರ್ಲಿ ವೈನ್ (ಹೆಸರು ವೈನ್, ಆದರೆ ತುಂಬಾ ಗಟ್ಟಿ ಬಿಯರ್), ಗಟ್ಟಿ ಸ್ಟೌಟ್ (ಕಪ್ಪು ಬಿಯರ್) ತಿಂಗಳುಗಟ್ಟಲೆ ಇಟ್ಟರೂ ಸರಿ.

ತುಂಬುವ ದಿನ 19 ಲೀಟರಿಗೆ ಸುಮಾರು 115 ಗ್ರಾಂ ಸಕ್ಕರೆ ಸಾಕು. ಎಷ್ಟು ಸಕ್ಕರೆ ಬೇಕು ಅಂತ ಲೆಕ್ಕ ಹಾಕುವ ಆನ್‌ಲೈನ್ ಕ್ಯಾಲ್ಕುಲೇಟರ್ ಬಿಯರಿನ ಉಷ್ಣತೆ ಕೇಳಿದರೆ ಫ್ರಿಜ್ಜಿನ 2 ಡಿಗ್ರಿ ಹಾಕಬೇಡಿ, ಹುದುಗಿದ ಮೇಲೆ ಅದು ಮುಟ್ಟಿದ ಅತಿ ಹೆಚ್ಚಿನ ಉಷ್ಣತೆ ಹಾಕಿ. ಇಲ್ಲದಿದ್ದರೆ ಸಕ್ಕರೆ ತೀರಾ ಕಡಿಮೆ ತೋರಿಸುತ್ತದೆ, ಬಿಯರ್ ಚಪ್ಪೆ ಆಗುತ್ತದೆ.