ಮೊಲ ವೈರ್ ಕಚ್ಚುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಹಳೆಯ ಬಾಡಿಗೆ ಮನೆ. ಎಂಟು ತಿಂಗಳ ಮೊಲವನ್ನು ಹಾಲ್‌ನಲ್ಲೇ ಬಿಟ್ಟಿರುತ್ತೇವೆ. ಎರಡು ಚಾರ್ಜರ್ ವೈರ್ ಕತ್ತರಿಸಿದೆ, ಬಾಗಿಲು, ಚಾಪೆ ಯಾವುದನ್ನೂ ಬಿಡುತ್ತಿಲ್ಲ. ಬೈದರೂ ಕೇಳುವುದಿಲ್ಲ. ಹಲ್ಲು ಸವೆಯಲಿ ಅಂತ ಗಟ್ಟಿ ರಸ್ಕ್ ಕೊಡುತ್ತಿದ್ದೇವೆ.

ಉತ್ತರ: ಮೊದಲು ಬೈಯುವುದನ್ನು ಬಿಡಿ, ಪಾಪ, ಅದು ತುಂಟತನ ಮಾಡುತ್ತಿಲ್ಲ. ಮೊಲದ ಹಲ್ಲು ಬದುಕಿರುವವರೆಗೂ ಬೆಳೆಯುತ್ತದೆ, ಮುಂದಿನ ಹಲ್ಲಂತೂ ವಾರಕ್ಕೆ ಸುಮಾರು 2 ಮಿಲಿಮೀಟರ್. ಕಚ್ಚುವುದು ಹುಟ್ಟುಗುಣ. ಬಾಯಿಗೆ ಏನು ಸಿಗಬೇಕು ಅನ್ನುವುದಷ್ಟೇ ನಿಮ್ಮ ಕೈಯಲ್ಲಿದೆ.

ರಸ್ಕ್ ಇವತ್ತೇ ನಿಲ್ಲಿಸಿ. ದವಡೆ ಹಲ್ಲು ಸವೆಯುವುದು ಒಣಹುಲ್ಲನ್ನು ಗಂಟೆಗಟ್ಟಲೆ ಅರೆಯುವಾಗ. ರಸ್ಕ್ ಎರಡು ಸಲ ಕಡಿದರೆ ಪುಡಿಯಾಗುತ್ತದೆ, ಅದರ ಮೈದಾ, ಸಕ್ಕರೆ ಹೊಟ್ಟೆ ಕೆಡಿಸುತ್ತದೆ ಅಷ್ಟೇ. ಹಗಲು ರಾತ್ರಿ ಹುಲ್ಲು ಮುಂದಿರಲಿ. ಔಷಧಿ ಹೊಡೆಯದ ಸೀಬೆ ಅಥವಾ ಹಿಪ್ಪುನೇರಳೆ ಕಡ್ಡಿ ಕೊಟ್ಟು ನೋಡಿ, ತೊಗಟೆ ಸುಲಿಯುತ್ತಾ ಎಷ್ಟು ಖುಷಿಯಾಗಿ ಕೂರುತ್ತದೆ!

ಇನ್ನು ವೈರ್. 230 ವೋಲ್ಟ್ ಹರಿಯುವ ವೈರನ್ನು ಒಂದು ಸಲ ಕಚ್ಚಿದರೂ ಸಾಕು, ಜೀವ ಹೋಗಬಹುದು. ಖಾರದಪುಡಿ ಹಚ್ಚಬೇಡಿ, ಕಣ್ಣಿಗೆ ಬಿದ್ದರೆ ಒದ್ದಾಡುತ್ತದೆ. ಬಳಸದಾಗ ಚಾರ್ಜರ್ ಕಿತ್ತು ಮೇಲಿಡಿ, ಫ್ರಿಜ್ಜು, ಟಿವಿ ವೈರನ್ನು ಗಟ್ಟಿ ಪಿವಿಸಿ ಪೈಪಿನೊಳಗೆ ತೂರಿಸಿ, ಸೋಫಾ ಹಿಂದಿನ ಸಂದನ್ನು ಹಲಗೆಯಿಂದ ಮುಚ್ಚಿ. ನಾವು ಬಗ್ಗಿ ನೋಡದ ಜಾಗವೇ ಅದಕ್ಕೆ ಜಾಸ್ತಿ ಇಷ್ಟ, ಅಲ್ವಾ? ಹಾಗಾಗಿ ಒಮ್ಮೆ ನೆಲಕ್ಕೆ ಕೆನ್ನೆ ತಾಗಿಸಿ ಹಾಲ್ ಪೂರ್ತಿ ನೋಡಿ.

ಬಾಗಿಲಿನ ಬಗ್ಗೆಯೂ ನನಗೆ ಚಿಂತೆಯಿದೆ. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಅಂದರೆ ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಬಣ್ಣದಲ್ಲಿ ವಿಷ ಇರಬಹುದು, ಬಾಗಿಲ ಕೆಳಭಾಗಕ್ಕೆ ತಗಡು ಹೊಡೆಸಿ. ಮನಿಪ್ಲಾಂಟ್, ಕಣಗಿಲೆ ಕುಂಡಗಳೂ ಎಟುಕಬಾರದು.

ಚಾಪೆಯ ಪ್ಲಾಸ್ಟಿಕ್ ಎಳೆ ನುಂಗಿದರೆ ಮೊಲ ವಾಂತಿ ಮಾಡಲಾರದು, ಅದರ ದೇಹ ಇರುವುದೇ ಹಾಗೆ. ದಿನಾ ಹಿಕ್ಕೆ ಗಮನಿಸಿ. ಹಿಕ್ಕೆ ಸಣ್ಣದಾದರೆ, ನಿಂತರೆ, ಅಥವಾ ಹತ್ತು ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಶಾಕ್ ಹೊಡೆದಿದ್ದರೆ ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಮುಟ್ಟಿ. ಆರಾಮಾಗಿ ಓಡಾಡುತ್ತಿದ್ದರೂ ಡಾಕ್ಟರಿಗೆ ತೋರಿಸಿ, ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆಗಳ ನಂತರ. ನಾಯಿ, ಬೆಕ್ಕು ನೋಡುವವರೆಲ್ಲ ಮೊಲ ನೋಡುವುದಿಲ್ಲ, ನಿಮ್ಮ ಹತ್ತಿರ ಯಾರು ನೋಡುತ್ತಾರೆ ಅಂತ ಈಗಲೇ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ.