ಪಿಯುಸಿ ಮುಗಿಸಿದ ಹುಡುಗಿ ಏರ್‌ಲೈನ್ ಪೈಲಟ್ ಆಗಲು ಎಲ್ಲಿಂದ ಶುರು ಮಾಡಬೇಕು?

ಫ್ಲೈಯಿಂಗ್ ಸ್ಕೂಲಿಗೆ ಮುಂಗಡ ಕಟ್ಟುವ ಮೊದಲೇ ಡಿಜಿಸಿಎ (ದೇಶದ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆ) ಹೇಳುವ ವೈದ್ಯಕೀಯ ಪರೀಕ್ಷೆ ಮಾಡಿಸಿ: ಮೊದಲು ಪ್ರಾಥಮಿಕ ಹಂತದ ಕ್ಲಾಸ್ 2, ಆಮೇಲೆ ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ ಕ್ಲಾಸ್ 1. ಲಕ್ಷಗಟ್ಟಲೆ ಕಟ್ಟಿದ ಮೇಲೆ ಬಣ್ಣ ಗುರುತಿಸುವ ದೋಷ ಗೊತ್ತಾದರೆ ಹಣ ಮುಳುಗಿದ ಹಾಗೆಯೇ. ಕನ್ನಡಕ ಇದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿಲ್ಲವೇ? ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಆ ಎರಡು ವಿಷಯ ಬರೆಯಬಹುದು.

ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ಕಮರ್ಷಿಯಲ್ ಲೈಸೆನ್ಸಿಗೆ ವಯಸ್ಸು 18 ತುಂಬಿರಬೇಕು. ನ್ಯಾವಿಗೇಶನ್, ಹವಾಮಾನ, ನಿಯಮಾವಳಿ, ತಾಂತ್ರಿಕ ಪತ್ರಿಕೆಗಳಲ್ಲಿ ಶೇ. 70 ಅಂಕ ಬೇಕು. ಹಾರಾಟ 200 ಗಂಟೆ. ಅದರಲ್ಲಿ 100 ಗಂಟೆ ಪೈಲಟ್-ಇನ್-ಕಮಾಂಡ್ ಆಗಿ, ಅಂದರೆ ವಿಮಾನದ ಪೂರ್ಣ ಹೊಣೆ ಹೊತ್ತ ಪೈಲಟ್ ಆಗಿ. ಹೆಚ್ಚಿನವರು ಎಡವುವುದು ಇಲ್ಲೇ: ಆ 100ರಲ್ಲಿ 15 ಗಂಟೆ ಅರ್ಜಿ ಹಾಕುವ ಹಿಂದಿನ ಆರು ತಿಂಗಳೊಳಗಿನದಾಗಿರಬೇಕು. ಹಾರಾಟ ಮುಗಿಸಿ ಪತ್ರಿಕೆ ಬಾಕಿ ಉಳಿಸಿಕೊಂಡರೆ ಮತ್ತೆ ದುಡ್ಡು ಕೊಟ್ಟು ಹಾರಬೇಕಾಗುತ್ತದೆ. ಆದ್ದರಿಂದ ಪತ್ರಿಕೆಗಳನ್ನು ಮೊದಲು ಮುಗಿಸಿ.

ನಂತರ ಏರ್‌ಬಸ್ ಎ320 ಅಥವಾ ಬೋಯಿಂಗ್ 737 ವಿಮಾನಕ್ಕೆ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನು ಹಾರಿಸುವ ತರಬೇತಿ ಮತ್ತು ಅರ್ಹತೆ. ಇದಕ್ಕೂ ಲಕ್ಷಗಟ್ಟಲೆ ಬೇಕು, ಸಾಲದ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ.

ಮದುವೆ, ಮಕ್ಕಳಾದರೆ ವೃತ್ತಿ ಮುಗಿಯಿತು ಎನ್ನುವುದು ತಪ್ಪು. ಖಾಯಂ ನೌಕರಿಯಲ್ಲಿರುವವರಿಗೆ ಮೊದಲ ಎರಡು ಮಕ್ಕಳಿಗೆ ಕಾನೂನಿನಂತೆ 26 ವಾರ ಸಂಬಳಸಹಿತ ರಜೆ ಇದೆ. ಗರ್ಭಿಣಿಯೆಂದು ತಿಳಿದ ಕೂಡಲೇ ಕಂಪನಿಗೆ ತಿಳಿಸಬೇಕು. ಹೆರಿಗೆಯ ನಂತರ ವೈದ್ಯಕೀಯ ಪರೀಕ್ಷೆ, ಸಿಮ್ಯುಲೇಟರ್ (ಕಾಕ್‌ಪಿಟ್‌ನ ಅನುಕರಣ ಯಂತ್ರ) ತಾಲೀಮು ಮುಗಿಸಿ ಕಾಕ್‌ಪಿಟ್‌ಗೆ ಮರಳಬಹುದು.