ಆ ಕೈಯಲ್ಲಿ ಲಿಂಗ ಹಿಡಿಯಬಹುದೇ?

ಪ್ರಶ್ನೆ: ನಮ್ಮದು ಶನಿವಾರಸಂತೆ ಹತ್ತಿರದ ಲಿಂಗಾಯತ ಮನೆ. ಮೂರು ಎಕರೆ ಕಾಫಿ, ಸ್ವಲ್ಪ ಮೆಣಸು ಇದೆ. ಬೆಳಿಗ್ಗೆ ಇಷ್ಟಲಿಂಗ ಪೂಜೆ ಆಗದೆ ಯಾರೂ ತಿಂಡಿಗೆ ಕೂರುವುದಿಲ್ಲ. ಮಳೆ ರಜೆಯಲ್ಲಿ 13 ವರ್ಷದ ಮಗ ಅವರಪ್ಪನ ಫೋನಿನಲ್ಲಿ ಒಂದು ವೆಬ್ ಸೀರೀಸ್ ನೋಡಿದ್ದಾನೆ. ಅದರಲ್ಲಿ ಕೊಲೆ, ಕೆಟ್ಟ ಬೈಗುಳ, ಮಕ್ಕಳು ನೋಡಬಾರದ ದೃಶ್ಯ ಎಲ್ಲ ಇದ್ದವು. ಯಜಮಾನರು ಅರ್ಧ ನೋಡಿ ಬಿಟ್ಟಿದ್ದ ಸೀರೀಸ್ ಅದು. ಅವರು ಮಗನಿಗೆ ಹೊಡೆದರು. ಅತ್ತೆ "ಆ ಕೈಯಲ್ಲಿ ಲಿಂಗ ಮುಟ್ಟಬೇಡ" ಅಂದುಬಿಟ್ಟರು. ಅಂದಿನಿಂದ ಅವನು ಪೂಜೆಗೆ ಕೂರುತ್ತಿಲ್ಲ, ರಾತ್ರಿ ಬೆಚ್ಚಿ ಏಳುತ್ತಾನೆ. ಇನ್ನು ಭಕ್ತಿ ವಿಡಿಯೋ ಬಿಟ್ಟು ಬೇರೇನೂ ಹಾಕಬಾರದು ಅಂತ ಮನೆಯಲ್ಲಿ ಕಟ್ಟು ಮಾಡಿದ್ದೇವೆ. 9 ವರ್ಷದ ಮಗಳೂ ಇದ್ದಾಳೆ. ಹೋಂವರ್ಕ್ ವಾಟ್ಸಾಪಿಗೇ ಬರುತ್ತದೆ, ಹಾಗಾಗಿ ಫೋನ್ ಪೂರ್ತಿ ತೆಗೆದಿಡಲೂ ಆಗದು. ಏನು ಮಾಡಲಿ?

ಉತ್ತರ: ಅಮ್ಮಾ, ನೀವು ಕೇಳಿದ್ದು ಫೋನಿನ ಬಗ್ಗೆ. ನನಗೆ ನೋವಾಗಿದ್ದು ಮಾತ್ರ ನಿಮ್ಮ ಅತ್ತೆಯವರ ಆ ಒಂದು ಮಾತು ಓದಿ. ಮೊದಲು ಅದನ್ನು ಸರಿಮಾಡೋಣ.

ಅತ್ತೆಯವರು ಮಗುವಿನ ಮೇಲಿನ ಪ್ರೀತಿಗೆ, ಹೆದರಿಕೆಗೆ ಹಾಗೆ ಅಂದಿದ್ದಾರೆ, ಅನುಮಾನವಿಲ್ಲ. ಆದರೆ ಅವರು ಜೀವಮಾನವಿಡೀ ನಡೆದುಕೊಂಡು ಬಂದ ಧರ್ಮವೇ ಆ ಮಾತನ್ನು ಒಪ್ಪುವುದಿಲ್ಲ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದರು 12ನೇ ಶತಮಾನದ ಶರಣರು. ಜನನ, ಮರಣ, ಮುಟ್ಟು, ಎಂಜಲು, ಜಾತಿ ಈ ಐದೂ ಇಲ್ಲ ಎಂದರು. ಸಾವಿನ ಮನೆಯಲ್ಲೂ ಅಂಗೈಯ ಲಿಂಗಕ್ಕೆ ಮೈಲಿಗೆ ತಟ್ಟದು ಎಂದಮೇಲೆ, ಹುಡುಗ ಏನನ್ನೋ ನೋಡಿದ ಅಂದ ಮಾತ್ರಕ್ಕೆ ತಟ್ಟೀತೇ? ಇದನ್ನು ಅತ್ತೆಯವರೊಬ್ಬರೇ ಇರುವಾಗ, ಮೆಲ್ಲಗೆ ಕೇಳಿ ನೋಡಿ. ಸೊಸೆಯ ಮಾತು ಅವರಿಗೆ ಎದುರುತ್ತರದಂತೆ ಕೇಳಿಸೀತು ಅನ್ನಿಸಿದರೆ, ಅವರು ಗೌರವಿಸುವ ಮಠದ ಹಿರಿಯರಿಂದ ಹೇಳಿಸಿ. ಕೊನೆಗೆ ಅಜ್ಜಿಯ ಬಾಯಿಂದಲೇ ಮೊಮ್ಮಗನಿಗೆ ಕರೆ ಬರಬೇಕು. ನೀವು ನೂರು ಸಲ ಕರೆದರೂ ಅದಕ್ಕೆ ಸಮವಾಗದು.

ಇನ್ನೂ ಒಂದು ಕಾರಣಕ್ಕೆ ಅವನು ಪೂಜೆಗೆ ಕೂರಬೇಕು ಎನ್ನುತ್ತೇನೆ. ಇಷ್ಟಲಿಂಗ ಪೂಜೆಯೆಂದರೆ ಎಡ ಅಂಗೈಯಲ್ಲಿ ಲಿಂಗವಿಟ್ಟು, ರೆಪ್ಪೆ ಹೊಡೆಯದಷ್ಟು ದೃಷ್ಟಿ ನೆಟ್ಟು ಕೂರುವುದು. ಕಣ್ಣನ್ನು ಎಲ್ಲಿ ನಿಲ್ಲಿಸಬೇಕು ಎಂಬ ಅಭ್ಯಾಸ ಅದು. ಬೆರಳಾಡಿಸಿದರೆ ಸಾಕು ಹೊಸ ವಿಡಿಯೋ ಬಂದು ನಿಲ್ಲುವ ಈ ಕಾಲದಲ್ಲಿ ಮಗುವಿಗೆ ಇದಕ್ಕಿಂತ ಬೇಕಾದ ಪಾಠ ಯಾವುದಿದೆ? ಆ ಪಾಠದಿಂದಲೇ ಅವನನ್ನು ಎಬ್ಬಿಸಿ ಕಳಿಸಿದಂತಾಯಿತಲ್ಲ.

ಇನ್ನು ಯಜಮಾನರು. "ಅದು ನಿನ್ನ ಕೈಗೆ ಸಿಗುವಂತೆ ಬಿಟ್ಟಿದ್ದು ನನ್ನ ತಪ್ಪು, ಹೊಡೆದದ್ದೂ ತಪ್ಪು" ಅಂತ ಅವರು ಮಗನಿಗೆ ಹೇಳಬೇಕು. ಅಪ್ಪಂದಿರಿಗೆ ಇದು ಕಷ್ಟ, ನನಗೆ ಗೊತ್ತು. ಆದರೂ ಹೇಳಲೇಬೇಕು. ಏಟು ತಿಂದ ಹುಡುಗ ನೋಡುವುದನ್ನು ಬಿಡುವುದಿಲ್ಲ, ಮುಂದಿನ ಸಲ ತೋಟದ ಮೂಲೆಗೆ ಹೋಗಿ ನೋಡುತ್ತಾನೆ. ಅಲ್ಲಿ ಹೆದರಿಕೆಯಾದರೆ ಯಾರ ಹತ್ತಿರ ಬರಬೇಕು?

ರಾತ್ರಿ ಬೆಚ್ಚಿ ಏಳುತ್ತಾನೆ ಎಂದಿರಿ. ಕಂಡ ಯಾವುದೋ ದೃಶ್ಯ ಅವನೊಳಗೆ ಸುತ್ತುತ್ತಿದೆ. ಒಲೆ ಹತ್ತಿರವೋ ಕಣದಲ್ಲೋ ಇಬ್ಬರೇ ಇರುವಾಗ "ಯಾವುದು ಹೆದರಿಸಿತು ಮಗಾ?" ಅಂತ ಕೇಳಿ. ಅವನು ಏನು ಹೇಳಿದರೂ "ಅಯ್ಯೋ ಶಿವನೇ" ಅನ್ನಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ. ಕೆಲವು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಮನಸ್ಸಿನ ತೊಂದರೆಗಳಿಗೆ ಇರುವ ಸರ್ಕಾರದ ಉಚಿತ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡಬಹುದು.

ಫೋನಿನ ಕೆಲಸ ಒಂದು ಸಂಜೆಯಲ್ಲಿ ಮುಗಿಯುತ್ತದೆ. 2021ರ ನಿಯಮದ ಪ್ರಕಾರ ಓಟಿಟಿಗಳು, ಅಂದರೆ ಇಂಥ ಸೀರೀಸ್ ತೋರಿಸುವ ಆ್ಯಪ್‌ಗಳು, ತಮ್ಮ ಚಿತ್ರ, ಸರಣಿಗಳಿಗೆ ಯು, ಯುಎ 7+, 13+, 16+, ಎ ಎಂದು ವಯಸ್ಸಿನ ಗುರುತು ಹಾಕಬೇಕು, 13+ ಮತ್ತು ಅದರ ಮೇಲಿನವಕ್ಕೆ ಪೋಷಕರು ಬೀಗ ಹಾಕಲು ಅನುಕೂಲ ಕೊಡಬೇಕು. ಯಜಮಾನರ ಪ್ರೊಫೈಲಿಗೆ ಪಿನ್ ಹಾಕಿ, ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿ. ಮಗಳಿಗೆ ಯೂಟ್ಯೂಬ್ ಕಿಡ್ಸ್ ಇರಲಿ. ನೀವು ಆರಿಸಿಕೊಟ್ಟದ್ದು ಮಾತ್ರ ಬರುವಂತೆ ಅದರಲ್ಲಿ ಮಾಡಬಹುದು. ಯೂಟ್ಯೂಬಿನಲ್ಲಿ ಒಂದು ಮುಗಿದೊಡನೆ ಇನ್ನೊಂದು ತಾನೇ ಶುರುವಾಗುವ ಆಟೋಪ್ಲೇ ನಿಲ್ಲಿಸಿಬಿಡಿ. ರಾತ್ರಿ ಎಲ್ಲರ ಫೋನೂ ಹಜಾರದಲ್ಲೇ ಚಾರ್ಜ್ ಆಗಲಿ, ದೊಡ್ಡವರದ್ದೂ ಸೇರಿ.

ಭಕ್ತಿ ವಿಡಿಯೋ ಮಾತ್ರ ಎಂಬ ಕಟ್ಟು ನನಗೆ ಸರಿ ಕಾಣುವುದಿಲ್ಲ. ವಿಭೂತಿ ಹಚ್ಚಿದ ಮುಖ ಕಂಡಾಕ್ಷಣ ಒಳಗಿರುವುದೆಲ್ಲ ಒಳ್ಳೆಯದೇ ಆಗಿರಬೇಕಿಲ್ಲ. ಹತ್ತು ಜನಕ್ಕೆ ಕಳಿಸದಿದ್ದರೆ ಕೇಡಾಗುತ್ತದೆ ಎಂದು ಹೆದರಿಸುವವು, ಪಕ್ಕದ ಮನೆಯ ಇನ್ನೊಂದು ಧರ್ಮದವರ ಮೇಲೆ ವಿಷ ಕಾರುವವು ಆ ಹೆಸರಲ್ಲೇ ಬರುತ್ತವೆ. ಜೊತೆಗೆ, ಕಾಡುಪ್ರಾಣಿ, ಕ್ರಿಕೆಟ್, ವಿಜ್ಞಾನ, ನಗೆಯ ಸಿನಿಮಾ ಇವೆಲ್ಲ ಮಕ್ಕಳಿಗೆ ಬೇಕು. ವಾರಕ್ಕೊಂದು ಸಂಜೆ ಮಗನೇ ಒಂದನ್ನು ಆರಿಸಲಿ, ಇಡೀ ಮನೆ ಕೂತು ನೋಡಿ. ಮುಗಿದಮೇಲೆ ಅಜ್ಜಿಯೂ ಕೇಳಲಿ: "ಇದರಲ್ಲಿ ಯಾರು ಯಾರಿಗೆ ನೋವು ಮಾಡಿದರು? ಅದನ್ನು ತೋರಿಸಿದವರು ಸರಿ ಅಂದರೋ, ತಪ್ಪು ಅಂದರೋ?" ನಾಲ್ಕಾರು ಸಲ ಹೀಗಾದರೆ ಒಬ್ಬನೇ ಕೂತು ನೋಡುವಾಗಲೂ ಆ ಪ್ರಶ್ನೆ ಅವನಲ್ಲಿ ಎದ್ದೀತು. ಅಜ್ಜಿಯ ಸಂಜೆಯ ಧಾರಾವಾಹಿಗೂ ಇದೇ ಪ್ರಶ್ನೆ ಹಾಕಲಿ, ಮಕ್ಕಳು ಅದನ್ನೂ ನೋಡುತ್ತಿರುತ್ತಾರೆ.

ಮಳೆ ರಜೆಯಲ್ಲಿ ಕರೆಂಟು ಹೋಗಿ, ನೆಟ್‌ವರ್ಕೂ ಹೋಗಿ ಮಕ್ಕಳು ಚಡಪಡಿಸುವಾಗ ಬ್ಯಾಟರಿ ರೇಡಿಯೋ ಒಂದಿರಲಿ. ಮಡಿಕೇರಿ ಆಕಾಶವಾಣಿ ಹಾಕಿದರೆ ಕನ್ನಡದ ಜೊತೆ ಕೊಡವ, ಅರೆಭಾಷೆಯ ದನಿಗಳೂ ಅವರ ಕಿವಿಗೆ ಬೀಳುತ್ತವೆ.

ಇವೆಲ್ಲ ನಿಧಾನಕ್ಕೆ ಆಗಲಿ. ಅಜ್ಜಿಯ ಕರೆಗೆ ಮಾತ್ರ ತಡ ಮಾಡಬೇಡಿ. ನಾಳೆ ಬೆಳಿಗ್ಗೆ ಅವನ ಮಣೆಯನ್ನು ಎಂದಿನ ಜಾಗದಲ್ಲೇ ಹಾಕಿ, ವಿಭೂತಿ ಗಟ್ಟಿಯನ್ನು ಅತ್ತೆಯವರ ಕೈಗೆ ಕೊಡಿ.